ಸೈನಸ್ ಸೋಂಕನ್ನು ನಾನು ಗುರುತಿಸುವ ಬಗೆ

ವೈದ್ಯವೃತ್ತಿಯ ಮೊದಲ ವರ್ಷಗಳಲ್ಲಿ, ರೋಗಿಯೊಬ್ಬರು ‘ಸಿಂಬಳ ಹಸಿರಾಗಿದೆ, ಮುಖವೆಲ್ಲ ಭಾರ’ ಎಂದರೆ ಸಾಕು, ನಾನು ಆ್ಯಂಟಿಬಯಾಟಿಕ್ ಬರೆದುಕೊಡುತ್ತಿದ್ದೆ. ಹೆಚ್ಚಿನವರು ವಾರದೊಳಗೆ ಗುಣವಾಗುತ್ತಿದ್ದುದರಿಂದ ನನ್ನ ನಿರ್ಣಯ ಸರಿಯೆಂದೇ ನಂಬಿದ್ದೆ. ಅವರಲ್ಲಿ ಬಹುಪಾಲು ಜನ ಮಾತ್ರೆಯಿಲ್ಲದೆಯೂ ಅಷ್ಟೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಿದ್ದರು ಎಂಬುದು ಮನದಟ್ಟಾಗಲು ಕೆಲವು ವರ್ಷಗಳೇ ಹಿಡಿದವು. ಮೂಗಿನ ಸುತ್ತಲಿನ ಮೂಳೆಗಳೊಳಗೆ ಗಾಳಿ ತುಂಬಿದ ಪೊಳ್ಳುಗಳಿವೆ, ಅವೇ ಸೈನಸ್ಸುಗಳು. ವಯಸ್ಕರ ನೆಗಡಿಗಳಲ್ಲಿ ಬ್ಯಾಕ್ಟೀರಿಯಾದ ಸೈನಸ್ ಸೋಂಕಿಗೆ ತಿರುಗುವವು ನೂರಕ್ಕೆ ಸುಮಾರು ಎರಡು, ಅಥವಾ ಅದಕ್ಕೂ ಕಡಿಮೆ. ಉಳಿದವು ವೈರಸ್ಸಿನವು, ಅವುಗಳ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ.

ನಾನು ಮೊದಲು ಕೈಬಿಟ್ಟದ್ದು ಬಣ್ಣದ ಮೇಲಿನ ನಂಬಿಕೆಯನ್ನು. ಸೋಂಕನ್ನು ಎದುರಿಸಲು ಬರುವ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವವಿದೆ; ಆ ಕಣಗಳು ಹೆಚ್ಚಾದಂತೆ ಸಿಂಬಳವೂ ಹಳದಿಗೆ, ಹಸಿರಿಗೆ ತಿರುಗುತ್ತದೆ. ವೈರಸ್ ಬಂದಾಗಲೂ ಅವು ಬರುವುದರಿಂದ ಸಾಮಾನ್ಯ ನೆಗಡಿಯ ಮೂರನೆಯ ದಿನವೂ ಸಿಂಬಳ ಹಸಿರಾಗಿರಬಹುದು.

ಈಗ ನನ್ನ ಮೊದಲ ಪ್ರಶ್ನೆ ‘ಯಾವ ದಿನ ಶುರುವಾಯಿತು?’ ಎಂಬುದು. ಆ ತಾರೀಖನ್ನು ಚೀಟಿಯ ಮೇಲೆ ಬರೆದು, ಅನಂತರದ ಪ್ರತಿಯೊಂದು ದಿನ ಹೇಗಿತ್ತು ಎಂದು ಕೇಳುತ್ತಾ ಹೋಗುತ್ತೇನೆ. ವೈರಸ್ಸಿನ ನೆಗಡಿ ಮೂರರಿಂದ ಐದನೆಯ ದಿನದ ಹೊತ್ತಿಗೆ ತೀವ್ರವಾಗಿ, ಆಮೇಲೆ ನಿಧಾನವಾಗಿಯಾದರೂ ಇಳಿಮುಖವಾಗುತ್ತದೆ. ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ, ಅಥವಾ ಆರಂಭದಲ್ಲೇ 39 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಕೀವಿನಂಥ ಸಿಂಬಳ, ಮುಖದ ನೋವು ಸತತವಾಗಿ ಮೂರು ನಾಲ್ಕು ದಿನ ಕಾಡಿದರೆ ನಾನು ಬ್ಯಾಕ್ಟೀರಿಯಾವನ್ನು ಶಂಕಿಸುತ್ತೇನೆ.

ಮೂರನೆಯ ಬಗೆಯನ್ನು ನನಗೆ ಚೆನ್ನಾಗಿ ಕಲಿಸಿದವರು ಒಬ್ಬ ಶಿಕ್ಷಕಿ. ಐದನೆಯ ದಿನಕ್ಕೆ ನೆಗಡಿ ಬಹುತೇಕ ಇಳಿದು ಅವರು ಕೆಲಸಕ್ಕೂ ಮರಳಿದ್ದರು. ಏಳನೆಯ ದಿನ ಜ್ವರ ಮತ್ತೆ ಬಂದು, ಎಡಗೆನ್ನೆಯಲ್ಲಿ ನೋವು ಕಾಣಿಸಿಕೊಂಡು, ಬಗ್ಗಿದರೆ ಅದು ಇಮ್ಮಡಿಯಾಗುತ್ತಿತ್ತು. ಎಡಗಡೆಯ ಮೇಲ್ದವಡೆಯ ಹಲ್ಲುಗಳೂ ನೋಯುತ್ತಿದ್ದವು. ಟಾರ್ಚ್ ಹಿಡಿದು ನೋಡಿದಾಗ ಆ ಬದಿಯ ಹೊಳ್ಳೆಯೊಳಗೆ ದಪ್ಪನೆಯ ಕೀವಿನ ಎಳೆ ಇಳಿಯುತ್ತಿರುವುದು ಕಂಡಿತು. ಒಮ್ಮೆ ವಾಸಿಯಾಗುತ್ತಾ ಬಂದು ಮತ್ತೆ ಉಲ್ಬಣಿಸುವ ಈ ಕ್ರಮವೇ ನಾನು ಅತಿ ಹೆಚ್ಚು ಬೆಲೆ ಕೊಡುವ ಲಕ್ಷಣ. ಕೆನ್ನೆಯ ಮೂಳೆಯೊಳಗಿನ ಸೈನಸ್ಸಿನ ಬಾಯಿ ಅದರ ತಳದಲ್ಲಿರದೆ ಮೇಲ್ಭಾಗದಲ್ಲಿದೆ. ನೆಗಡಿಯ ಊತದಿಂದ ಅದು ಮುಚ್ಚಿಕೊಂಡರೆ ಒಳಗಿನ ದ್ರವ ಅಲ್ಲೇ ನಿಂತುಬಿಡುತ್ತದೆ, ಮೂಗಿನಲ್ಲಿ ಮೊದಲೇ ಇದ್ದ ನ್ಯೂಮೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಅದರಲ್ಲಿ ಬೆಳೆಯುತ್ತವೆ. ಮೇಲಿನ ದವಡೆಹಲ್ಲುಗಳ ಬೇರುಗಳು ಆ ಸೈನಸ್ಸಿನ ತಳಕ್ಕೆ ತಾಗಿದಂತೆಯೇ ಇರುವುದರಿಂದ ಹಲ್ಲೂ ನೋಯುತ್ತದೆ.

ಸ್ಕ್ಯಾನ್ ಮಾಡಿಸಿದರೆ ಖಚಿತವಾಗದೇ ಎಂದು ಹಲವರು ಕೇಳುತ್ತಾರೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಾಮಾನ್ಯ ನೆಗಡಿಯಾದವರಿಗೆ ಸಿ.ಟಿ. ಸ್ಕ್ಯಾನ್ ಮಾಡಿದಾಗ 87 ಪ್ರತಿಶತ ಜನರ ಕೆನ್ನೆಯ ಸೈನಸ್ಸುಗಳಲ್ಲಿ ದೋಷ ಕಂಡಿತ್ತು; ಮರುಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನವರಿಗೆ ಅದು ಆ್ಯಂಟಿಬಯಾಟಿಕ್ ಇಲ್ಲದೆಯೇ ಎರಡು ವಾರಗಳಲ್ಲಿ ತಿಳಿಯಾಗಿತ್ತು ಅಥವಾ ಬಹಳಷ್ಟು ಇಳಿದಿತ್ತು. ಹಾಗಾಗಿ ತೊಡಕಿಲ್ಲದ ಸೋಂಕಿಗೆ ನಾನು ಸ್ಕ್ಯಾನ್ ಬರೆಯುವುದಿಲ್ಲ.

ನನ್ನನ್ನು ದಾರಿ ತಪ್ಪಿಸಿದ ಕಾಯಿಲೆಗಳೂ ಇವೆ. ತಿಂಗಳಿಗೊಮ್ಮೆ ‘ಸೈನಸ್ ತಲೆನೋವು’ ಎಂದು ಬರುತ್ತಿದ್ದ ಒಬ್ಬರಿಗೆ ಮೂಗಿನಿಂದ ಕೀವೇ ಬರುತ್ತಿರಲಿಲ್ಲ, ಬೆಳಕು ಕಂಡರೆ ಆಗುತ್ತಿರಲಿಲ್ಲ, ಹೊಟ್ಟೆ ತೊಳೆಸುತ್ತಿತ್ತು. ಅದು ಮೈಗ್ರೇನ್ ಎಂದು ನಾನು ಬಹಳ ತಡವಾಗಿ ಗುರುತಿಸಿದೆ. ಒಂದೇ ಬದಿಯಿಂದ ದುರ್ವಾಸನೆಯ ಕೀವು ಬಂದರೆ ಹಲ್ಲಿನ ಬೇರಿನ ಸೋಂಕನ್ನೂ, ಚಿಕ್ಕ ಮಕ್ಕಳಾದರೆ ಮೂಗಿನೊಳಗೆ ಮಣಿಯೋ ಬೀಜವೋ ಸಿಕ್ಕಿಕೊಂಡಿರುವ ಸಾಧ್ಯತೆಯನ್ನೂ ಈಗ ಮರೆಯದೆ ಪರೀಕ್ಷಿಸುತ್ತೇನೆ.

ಆರನೆಯ ದಿನ ಬಂದು ಇಳಿಮುಖದಲ್ಲಿರುವವರಿಗೆ ಉಪ್ಪುನೀರಿನಿಂದ ಮೂಗು ತೊಳೆಯುವ ಕ್ರಮವನ್ನು ತೋರಿಸಿ, ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟು, ಹತ್ತನೆಯ ದಿನದ ತಾರೀಖನ್ನು ಚೀಟಿಯಲ್ಲಿ ಬರೆದು ಕಳುಹಿಸುತ್ತೇನೆ. ನಡುವೆ ಮತ್ತೆ ಹೆಚ್ಚಾದರೆ ಆ ತಾರೀಖಿಗೆ ಕಾಯದೆ ಬರಬೇಕೆಂದು ಎರಡು ಸಲ ಹೇಳುತ್ತೇನೆ.

ದಿನಗಳ ಲೆಕ್ಕವನ್ನು ಪೂರ್ತಿ ಬದಿಗಿಡಬೇಕಾದ ಲಕ್ಷಣಗಳೆಂದರೆ ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಕತ್ತು ಬಿಗಿಯುವುದು, ತಾಳಲಾರದ ತಲೆನೋವು, ಮಂಕು ಕವಿಯುವುದು. ನೆಗಡಿಯ ನಾಲ್ಕನೆಯ ದಿನ ಒಬ್ಬ ಹುಡುಗನನ್ನು ಕರೆತಂದಾಗ ಅವನ ಬಲಗಣ್ಣಿನ ರೆಪ್ಪೆ ಊದಿ ಕೆಂಪಾಗಿತ್ತು, ಕಣ್ಣಾಡಿಸಿದರೆ ನೋಯುತ್ತಿತ್ತು. ಸ್ಕ್ಯಾನ್ ಬೇಕಾಗುವುದು ಇಂಥ ಹೊತ್ತಿನಲ್ಲಿ. ನಾನು ಆ ಕ್ಷಣವೇ ಆಸ್ಪತ್ರೆಗೆ ಕಳುಹಿಸಿದೆ; ಕಣ್ಣುಗೂಡಿನ ಗೋಡೆಯ ಪಕ್ಕದಲ್ಲಿ ಸೇರಿಕೊಂಡಿದ್ದ ಕೀವನ್ನು ಅದೇ ರಾತ್ರಿ ಶಸ್ತ್ರಕ್ರಿಯೆಯಿಂದ ಹೊರತೆಗೆದರು, ಅವನ ದೃಷ್ಟಿ ಉಳಿಯಿತು.