ಲಯ ಕಾಲಿನಿಂದ ಕೈಗೆ: ಕೆನ್ನಿ ಕ್ಲಾರ್ಕ್ ದಾರಿಯಲ್ಲಿ ರೈಡ್ ಸಿಂಬಲ್

ಚಿಕ್ಕಮಗಳೂರಿನ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ನುಡಿಸುವವರಿಗೆ ಗಣೇಶೋತ್ಸವದ ಸ್ಟೇಜು ಒಂದು ಚಾಳಿ ಅಂಟಿಸಿರುತ್ತದೆ: ನಾಲ್ಕೂ ಬೀಟಿಗೆ ಕಾಲಿನಿಂದ ಬಾಸ್ ಡ್ರಮ್ ಗುದ್ದುವುದು. ಜಾಝ್ ಕಲಿಯುವಾಗ ಮೊದಲು ಬಿಡಬೇಕಾದ್ದು ಇದನ್ನೇ. 1914ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಅಮೆರಿಕದ ಜಾಝ್ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಲಯ ಹಿಡಿಯುವ ಕೆಲಸವನ್ನು ಕಾಲಿನಿಂದ ತೆಗೆದು ಕೈಯಲ್ಲಿ ಸ್ಟಿಕ್ಕಿನಿಂದ ನುಡಿಸುವ ದೊಡ್ಡ ಲೋಹದ ತಟ್ಟೆ ರೈಡ್ ಸಿಂಬಲ್ಲಿಗೆ ವಹಿಸಿದರು. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಮಿಂಟನ್ಸ್ ಪ್ಲೇಹೌಸ್ ಕ್ಲಬ್ಬಿನಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಾಂಕ್ ಜೊತೆ ನುಡಿಸುತ್ತ ಅವರು ಗಟ್ಟಿಮಾಡಿದ ಈ ರೀತಿಯೇ ಬಿಬಾಪ್ ಎಂಬ ಜಾಝ್ ಶೈಲಿಯ ಡ್ರಮ್ಮಿಂಗಿನ ಬುನಾದಿ.

20 ಇಂಚಿನ ರೈಡ್, ತೆಳು 7ಎ ಸ್ಟಿಕ್ ಸಾಕು. ಮೆಟ್ರೊನೋಮ್ ನಿಮಿಷಕ್ಕೆ 60 ಬೀಟಿಗೆ ಇಟ್ಟು ಪ್ರತಿ ಬೀಟಿಗೆ ಬಾಯಲ್ಲಿ 'ತಕಿಟ' ಹೇಳಿ. ಬೀಟನ್ನು ಮೂರಾಗಿ ಒಡೆಯುವ ತಿಶ್ರ ನಡೆ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಒಂದು, ಮೂರನೇ ಬೀಟಿನಲ್ಲಿ 'ತ' ಮಾತ್ರ ಹೊಡೆಯಿರಿ. ಎರಡು, ನಾಲ್ಕರಲ್ಲಿ 'ತ' ಮತ್ತು 'ಟ'. ಎಡಗಾಲಿನ ಹೈ-ಹ್ಯಾಟ್ (ಪೆಡಲಿನಿಂದ ಮುಚ್ಚುವ ಜೋಡಿ ಸಿಂಬಲ್) ಎರಡು, ನಾಲ್ಕಕ್ಕೆ ಮುಚ್ಚಬೇಕು.

ಎಡವುವುದು ಆ 'ಟ'ದಲ್ಲಿ. ಬೇಗ ಬಂದರೆ ನಡೆ ಚಪ್ಪಟೆ, ತಡವಾದರೆ ಕುಂಟು. ಸ್ಟಿಕ್ಕನ್ನು ಬಿಗಿಹಿಡಿದು ಎಲ್ಲವನ್ನೂ ಮಣಿಕಟ್ಟಿನಿಂದಲೇ ಹೊಡೆದರೆ ಹೀಗಾಗುತ್ತದೆ. 'ಟ' ಬೆರಳಿನಿಂದ ಹಗುರಾಗಿ ಬರಲಿ, ಅದರ ಹಿಂದೆಯೇ ಬರುವ 'ತ' ಮಣಿಕಟ್ಟಿನದು. ಸ್ಟಿಕ್ಕಿನ ತುದಿ ಬೀಳಬೇಕಾದ್ದು ಸಿಂಬಲ್ಲಿನ ನಡುವಿನ ಗುಬ್ಬಿ (ಉಬ್ಬು) ಮತ್ತು ಅಂಚಿನ ನಡುವೆ. ಅಂಚಿಗೆ ಹತ್ತಿರ ಹೋದರೆ ಗುಂಯ್‌ಗುಟ್ಟಿ ಬೀಟೇ ಮುಳುಗುತ್ತದೆ. ವೇಗ 200 ದಾಟಿದ ಮೇಲೆ ತಿಶ್ರವೇ ಬೇಕೆಂದು ಹಟ ಹಿಡಿಯಬೇಡಿ, ಅಲ್ಲಿ ಎರಡೂ ಪೆಟ್ಟು ಸಮವಾಗುತ್ತ ಹೋಗುತ್ತವೆ.

ಬಲಗಾಲು ಪೂರ್ತಿ ನಿಲ್ಲುವುದಿಲ್ಲ. ಬಾಸ್ ಡ್ರಮ್ಮಿನ ಪೆಡಲಿನ ಸುತ್ತಿಗೆಯನ್ನು (ಬೀಟರ್) ಹೆಡ್ಡಿನಿಂದ, ಅಂದರೆ ಡ್ರಮ್ಮಿನ ಹೊದಿಕೆಯಿಂದ, ಒಂದಿಂಚು ದೂರದಲ್ಲಿಟ್ಟು ಮೆಲ್ಲಗೆ ತಾಗಿಸಿ. ಬಾಸ್ ವಾದಕನಿಗೆ ತಿಳಿದರೆ ಸಾಕು, ಕೇಳುಗರಿಗೆ ಬೇಡ. ಜೋರು ಪೆಟ್ಟನ್ನು 'ಬಾಂಬ್'ಗಳಿಗೆ, ಅಂದರೆ ನಡುನಡುವೆ ಥಟ್ಟನೆ ಬೀಳುವ ಒತ್ತುಗಳಿಗೆ, ಉಳಿಸಿ. ಮೊದಲ ಬಾಂಬ್: ಎಡಗೈ ಸ್ನೇರ್ ಡ್ರಮ್ (ಕೆಳಗೆ ತಂತಿ ಇರುವ ಚಿಕ್ಕ ಡ್ರಮ್) ಮೇಲೆ 'ಕ್ಲೂಕ್', ತಕ್ಷಣ ಕಾಲು 'ಮಾಪ್'. ಕ್ಲಾರ್ಕ್‌ಗೆ 'ಕ್ಲೂಕ್' ಎಂಬ ಅಡ್ಡಹೆಸರು ಬಂದದ್ದೂ ಇದರಿಂದಲೇ. ಹಾಡುವವರು ಉಸಿರೆಳೆಯುವ ಜಾಗದಲ್ಲಿ ಇದನ್ನಿಡಿ. ಪ್ರತಿ ಆವರ್ತಕ್ಕೂ ತುರುಕಿದರೆ ಗದ್ದಲ, ಅಷ್ಟೇ.

ಕೇಳಲು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1954ರಲ್ಲಿ ಧ್ವನಿಮುದ್ರಿಸಿದ 'ವಾಕಿನ್' ಹಿಡಿಯಿರಿ, ಅದರಲ್ಲಿ ಡ್ರಮ್ಸ್ ಕ್ಲಾರ್ಕ್ ಅವರದು. ಮೊದಲ ಸಲ ರೈಡ್ ಬಿಟ್ಟು ಬೇರೇನೂ ಗಮನಿಸಬೇಡಿ. ಎರಡು ವರ್ಷದ ನಂತರ ಕ್ಲಾರ್ಕ್ ಪ್ಯಾರಿಸಿಗೆ ಹೋಗಿ ಅಲ್ಲೇ ನೆಲೆಸಿದರು. 1961ರಿಂದ ಪಿಯಾನೋ ವಾದಕ ಫ್ರಾನ್ಸಿ ಬೋಲಾಂಡ್ ಜೊತೆ ದೊಡ್ಡ ಬ್ಯಾಂಡನ್ನೇ ನಡೆಸಿದರು.

ಮಳೆಗಾಲಕ್ಕೊಂದು ಮಾತು. ಪ್ಲಾಸ್ಟಿಕ್ ಹೆಡ್ ಮೃದಂಗದ ಚರ್ಮದಂತೆ ಥಂಡಿಗೆ ಇಳಿಯುವುದಿಲ್ಲ, ಆದರೆ ಸ್ನೇರಿನ ತಂತಿ, ಹೈ-ಹ್ಯಾಟ್ ರಾಡು ತುಕ್ಕು ಹಿಡಿಯುತ್ತವೆ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ರಾಡಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದು ತೊಟ್ಟು ಬಿಡಿ.