ಅಜ್ಜಿಯ ಹಿತ್ತಿಲಿನ 120 ಗಿಡ

ಉಗಾಂಡಾದ ಮಸಾಕಾ ಕಡೆ ನಾವು ನಡೆಸುವ ಅನಾಥ ಮಕ್ಕಳ ಮನೆಯಲ್ಲಿ, ಹುಡುಗರು ಮಲಗುತ್ತಿದ್ದ ಕೋಣೆಯಲ್ಲಿ ಈಗ ಕಾಫಿ ಮೂಟೆಗಳಿವೆ. ಮಂಚಗಳನ್ನು ಮಾರಿದೆ. ಮಸಾಕಾ ಕಡೆಗೆ ಬರುವ ನಮ್ಮೂರಿನ ಸಿಸ್ಟರುಗಳು, ಬ್ರದರುಗಳು ಇದನ್ನು ಕಂಡು ‘ಅಯ್ಯೋ, ಮುಚ್ಚಿಹೋಯಿತೇ’ ಎಂದು ಮರುಗುತ್ತಾರೆ. ಮನೆ ಮುಚ್ಚಿಹೋಗಲಿಲ್ಲ, ಈ ಕೋಣೆಯನ್ನು ನಾನೇ ಮುಚ್ಚಿದೆ. ಇದ್ದ 62 ಮಕ್ಕಳಲ್ಲಿ 51 ಮಂದಿ ಅಜ್ಜಿ, ಸೋದರತ್ತೆ, ಅಕ್ಕಂದಿರ ಮನೆಯಲ್ಲಿದ್ದು ಓದುತ್ತಿದ್ದಾರೆ. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಯ ಶುಲ್ಕವನ್ನು ಕಾಫಿ ಗಿಡಗಳೇ ಕಟ್ಟುತ್ತಿವೆ.

ಇದು ನನ್ನ ಜಾಣತನದಿಂದ ಶುರುವಾದದ್ದಲ್ಲ. 2020ರ ಮಾರ್ಚಿನಲ್ಲಿ ಉಗಾಂಡಾದ ಶಾಲೆಗಳಿಗೆ ಬೀಗ ಬಿದ್ದಾಗ ಬಂಧುಗಳಿದ್ದ ಮಕ್ಕಳನ್ನೆಲ್ಲ ಒಂದು ತಿಂಗಳಿಗೆಂದು ಕಳುಹಿಸಿದೆವು. ಬೀಗ ಪೂರ್ತಿ ತೆರೆದದ್ದು 2022ರ ಜನವರಿಯಲ್ಲಿ. ಆ ನಡುವೆ ಸೋಪು, ಪೋಶೋ ಎಂಬ ಮೆಕ್ಕೆಜೋಳದ ಹಿಟ್ಟು ಹೊತ್ತು ಬೋಡಾಬೋಡಾದಲ್ಲಿ, ಅಂದರೆ ಬಾಡಿಗೆ ಬೈಕಿನಲ್ಲಿ, ಮನೆಮನೆ ಸುತ್ತಿದೆ. ನಮ್ಮ ‘ಅನಾಥ’ರಲ್ಲಿ ಮುಕ್ಕಾಲು ಮಂದಿಗೆ ಒಬ್ಬ ಜಜ್ಜಾ ಇದ್ದಳು. ಲುಗಾಂಡಾದಲ್ಲಿ ಅಜ್ಜಿಗೆ ಜಜ್ಜಾ ಎನ್ನುತ್ತಾರೆ. ಬಂದ ದಿನವೇ ನನ್ನ ನಾಲಿಗೆಗೆ ಹತ್ತಿದ ಮಾತು ಅದೊಂದೇ. ಏಡ್ಸ್ ಈ ಸೀಮೆಯ ತಾಯಿತಂದೆಯರನ್ನು ಗುಡಿಸಿಕೊಂಡು ಹೋದಾಗ ಮೊಮ್ಮಕ್ಕಳನ್ನು ಸಾಕಿದವರು ಇವರು. ನಾವು ಬಂದದ್ದು ಆಮೇಲೆ, ಕಟ್ಟಡದ ನಕ್ಷೆಯೊಂದಿಗೆ.

ಆ ಸುತ್ತಾಟದಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಮಗು ನಮ್ಮಲ್ಲಿ ಕೀರ್ತನೆ ಕಲಿಯುತ್ತಿದ್ದರೆ ಅತ್ತ ಚಿಕ್ಕಪ್ಪ ಅದರ ಅಪ್ಪನ ಕಿಬಾಂಜಾದ, ಅಂದರೆ ಸಾಗುವಳಿ ಜಮೀನಿನ, ಬೇಲಿಯನ್ನು ವರ್ಷಕ್ಕಿಷ್ಟು ಎಂದು ಒಳಗೆ ಸರಿಸುತ್ತಿರುತ್ತಾನೆ. ಸತ್ತವರ ಕೊನೆಯ ಕ್ರಿಯೆಯಾದ ಒಲುಂಬೆಯ ದಿನ ಕುಲದವರ ಮುಂದೆ ವಾರಸುದಾರನಿಗೆ ಮರದ ತೊಗಟೆಯ ಬಟ್ಟೆ ಹೊದಿಸುತ್ತಾರೆ. ನಮ್ಮ ಹುಡುಗರು ಆ ದಿನ ತರಗತಿಯಲ್ಲಿರುತ್ತಿದ್ದರು. ಈಗ ನಾನೇ ಅವರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ. ಮಕ್ಕಳನ್ನು ಬಂಧುಗಳ ಮನೆಯಲ್ಲೇ ಬಿಟ್ಟದ್ದು ಹಿರಿಯ ಪಾದ್ರಿಯೊಬ್ಬರಿಗೆ ಹಿಡಿಸಲಿಲ್ಲ. ಅನಾಥರನ್ನು ಪರಾಮರಿಸಿ ಎಂದು ಬೈಬಲಿನಲ್ಲಿ ಯಾಕೋಬನು ಬರೆದನೇ ಹೊರತು ಹಾಸ್ಟೆಲು ಕಟ್ಟಿಸಿ ಎಂದಲ್ಲ ಎಂದೆ. ಒಂದು ತಿಂಗಳು ಮಾತು ಬಿಟ್ಟರು.

ಮಕ್ಕಳ ಶುಲ್ಕಕ್ಕೆಂದು ಅಜ್ಜಿಯರ ಹಿತ್ತಿಲಿನಲ್ಲೇ ಕಾಫಿ ನೆಡೋಣ ಎಂದೆ. ಕಾಫಿಯೇ ಏಕೆಂದರೆ ನನಗೆ ಬೇರೇನೂ ಬರುವುದಿಲ್ಲ. ಅಪ್ಪ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಸಿ (ಕಾಫಿ ತೋಟದ ಮಾತಿನಲ್ಲಿ ರೆಂಬೆ ಸವರುವುದು), ಚಿಗುರು ತೆಗೆಯುವುದು ನೋಡುತ್ತಲೇ ಬೆಳೆದವಳು ನಾನು. ರೊಬಸ್ಟಾ ಕಾಡಿನಲ್ಲಿ ತಾನಾಗಿ ಬೆಳೆಯುವ ನಾಡು ಇದು. ಆದರೂ ಜಜ್ಜಾಗಳು ನಕ್ಕರು. 1990ರ ದಶಕದಲ್ಲಿ ಸೊರಗು ರೋಗ ಬಂದು ಅವರ ಗಿಡಗಳು ನಿಂತಲ್ಲೇ ಒಣಗಿದ್ದವು. ಅವರ ನಗುವಿಗೆ ಕಾರಣವಿತ್ತು. ಯುರೋಪಿನ ದಾನಿಯೊಬ್ಬರು ಮಾತ್ರ ‘ಗಿಡಕ್ಕೆ ನಮ್ಮ ಹೆಸರಿನ ಫಲಕ ಹಾಕಬಹುದೇ’ ಎಂದು ಕೇಳಿದರು.

ಮೊದಲು ಪುಕ್ಕಟೆಯಾಗಿ ಸಿಕ್ಕ ಸುಮಾರು 2,000 ಸಸಿ ನೆಟ್ಟೆವು. ಲಾರಿ ಬಂದದ್ದು ಮಳೆ ನಿಂತ ಮೇಲೆ. ಉಳಿದದ್ದು 600 ಇರಬಹುದು. ಮುಂದಿನ ಮಾರ್ಚಿಗೆ ಛಾವಣಿ ರಿಪೇರಿಗೆಂದು ಇಟ್ಟ ಹಣ ಮುರಿದು, ರೋಗ ತಡೆಯುವ ಕೆ.ಆರ್. ತಳಿಯ ಸಸಿಗಳನ್ನು ಒಂದಕ್ಕೆ 1,200 ಶಿಲ್ಲಿಂಗಿನಂತೆ ತಂದೆ. (ಛಾವಣಿ ಇಂದಿಗೂ ಸೋರುತ್ತದೆ.) ಕೆಲವು ಅಜ್ಜಿಯರು ಅವನ್ನು ದಟ್ಟ ಮಟೋಕೆ ಬಾಳೆಯ ಬುಡದಲ್ಲಿ ಹೂತರು, ನೆರಳು ಹೆಚ್ಚಾಗಿ ಗಿಡ ಬಿದಿರಿನಂತೆ ಉದ್ದವಾಯಿತು, ಕಾಯಿ ಬರಲಿಲ್ಲ. ಆಮೇಲೆ ರೆಂಬೆ ಕೊರಕ ಹುಳು. ಅದಕ್ಕೆ ಔಷಧಿಗಿಂತ ಶನಿವಾರ ಸೇರುವ ಮಕ್ಕಳೇ ಮೇಲು: ಬೆಳಿಗ್ಗೆ ಧರ್ಮೋಪದೇಶ, ನಂತರ ಗಣಿತ, ಊಟವಾದ ಮೇಲೆ ಒಣಗಿದ ರೆಂಬೆ ಕತ್ತರಿಸಿ ಸುಡುವುದು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಹೂವಿನಲ್ಲೇ ಮಾರುವ ರೂಢಿ. ಮನೆಯಲ್ಲಿ ಒಂದು ಸಾವು ಅಥವಾ ಕಾಯಿಲೆ ಬಂದರೆ ದಲ್ಲಾಳಿ ಬಂದು ಹೂಬಿಟ್ಟ ಗಿಡದ ಫಸಲನ್ನೇ ಮೂರನೇ ಒಂದು ಭಾಗದ ಬೆಲೆಗೆ ಕೊಳ್ಳುತ್ತಾನೆ. ಅದಕ್ಕೆ ನಾನು ಹೂಡಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ದಲ್ಲಾಳಿಗಳಿಗೆ ಕನ್ನಡ ಬರುವುದಿಲ್ಲ, ಆದರೂ ಬರೆಯುವುದಿಲ್ಲ.

ನಡುವೆ ಹಂದಿ ಸಾಕುವ ಹುಚ್ಚೂ ಹಿಡಿಯಿತು. ಮನೆಗೊಂದು ಮರಿ ಕೊಡುವುದು, ಈದಾಗ ಎರಡು ಮರಿ ವಾಪಸು ಪಡೆಯುವುದು. ಹಂದಿಜ್ವರ ಬಂದು ಒಂದೇ ವಾರದಲ್ಲಿ ಹನ್ನೊಂದು ಸತ್ತವು.

ಇನ್ನು ಲೆಕ್ಕ. ಹಾಸ್ಟೆಲಿನಲ್ಲಿ ಒಂದು ಮಗುವಿಗೆ ವರ್ಷಕ್ಕೆ ಸುಮಾರು 18 ಲಕ್ಷ ಶಿಲ್ಲಿಂಗ್ ತಗಲುತ್ತಿತ್ತು, ನಮ್ಮ 40,000 ರೂಪಾಯಿ. ಮನೆಯಿಂದ ಹೋಗಿ ಬರುವ ಸೆಕೆಂಡರಿ ಶಾಲೆಗೆ ಮೂರು ಟರ್ಮಿನ ಶುಲ್ಕ, ಸಮವಸ್ತ್ರ, ಅವರು ಕೇಳುವ ಪೊರಕೆ, ಕಾಗದದ ರೀಮು ಎಲ್ಲ ಸೇರಿ 9 ಲಕ್ಷ. 120 ಗಿಡದಿಂದ 2024ರಲ್ಲಿ ಒಂದು ಮನೆಗೆ 300 ಕಿಲೋ ಕಿಬೋಕೊ, ಅಂದರೆ ಸಿಪ್ಪೆಯೊಂದಿಗೇ ಒಣಗಿಸಿದ ಕಾಫಿ ಹಣ್ಣು, ನಮ್ಮ ಕಡೆಯ ಚೆರಿ, ಸಿಕ್ಕಿತು. ಕಿಲೋಗೆ ಹತ್ತಿರ ಹತ್ತಿರ 6,000. ನೆಟ್ಟಾಗ ಬೆಲೆ 2,000ದ ಆಸುಪಾಸಿನಲ್ಲಿತ್ತು. ಅದೇ ಉಳಿದಿದ್ದರೆ 3 ಲಕ್ಷ ಕಡಿಮೆ ಬೀಳುತ್ತಿತ್ತು. ಬೆಲೆ ಏರಿದ್ದು ವಿಯೆಟ್ನಾಂ, ಬ್ರೆಜಿಲ್‌ಗಳ ಬರದಿಂದ, ನನ್ನ ಜಪಮಾಲೆಯಿಂದಲ್ಲ. ಆದರೆ ಬೆಲೆ ಏರಿದಾಗ ಮಾರಲು ನಮ್ಮಲ್ಲಿ ಗಿಡವಿತ್ತು, ನನ್ನನ್ನು ನೋಡಿ ನಕ್ಕು ನೆಡದೆ ಬಿಟ್ಟವರಲ್ಲಿ ಇರಲಿಲ್ಲ.

ಒಂದು ತಪ್ಪನ್ನು ಹೇಳಲೇಬೇಕು. ಒಬ್ಬ ಹುಡುಗಿಯನ್ನು ದೂರದ ಅತ್ತೆಯ ಮನೆಗೆ ಬಿಟ್ಟಿದ್ದೆ. ಮುಂಚೆ ತಿಳಿಸಿ ಹೋದಾಗಲೆಲ್ಲ ಅವಳು ಶುಭ್ರವಾದ ಯೂನಿಫಾರ್ಮಿನಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ಟರ್ಮಿನ ಮೇಲೆ ಗೊತ್ತಾಯಿತು, ಅವಳು ಶಾಲೆಯ ಮುಖವನ್ನೇ ನೋಡಿರಲಿಲ್ಲ. ಅತ್ತೆಯ ಅಂಗಡಿಗೆ ನೀರು ಹೊರುತ್ತಿದ್ದಳು. ಕರೆದುಕೊಂಡು ಬಂದೆ. ಈಗ ಎಲ್ಲಿಗೂ ಹೇಳದೆ ಹೋಗುತ್ತೇನೆ, ಅದೂ ಊಟದ ಹೊತ್ತಿಗೆ: ತಟ್ಟೆ ನೋಡಿದರೆ ತಿಳಿಯುತ್ತದೆ. ಆ ಹುಡುಗಿಯೂ ಸೇರಿ 11 ಮಂದಿ ನಮ್ಮಲ್ಲೇ ಇದ್ದಾರೆ. ಅವರಿಗೆ ಈ ಮನೆ ಬೇಕು, ಇದನ್ನು ಮುಚ್ಚುವುದಿಲ್ಲ.

ಮೂಟೆಗಳು ಮುಂದಿನ ವಾರ ಗಿರಣಿಗೆ ಹೋಗುತ್ತವೆ. ನೋಡಬೇಕೆನ್ನುವವರು ಅಷ್ಟರೊಳಗೆ ಬನ್ನಿ. ಬರುವಾಗ ಊರಿನಿಂದ ಎರಡು ಒಳ್ಳೆಯ ಕಸಿ ಕತ್ತರಿ ತನ್ನಿ. ಇಲ್ಲಿ ಸಿಗುವುದು ಒಂದೇ ಹಂಗಾಮಿಗೆ ಮೊಂಡಾಗುತ್ತದೆ.