ತೆರೆದಿಟ್ಟ ಹೊಟ್ಟೆಗೆ ತಾತ್ಕಾಲಿಕ ಹೊದಿಕೆ: ಕಿರಿಯ ಶಸ್ತ್ರಚಿಕಿತ್ಸಕರಿಗೆ ಒಂದು ಕೈಪಿಡಿ

ಸೀಳಿದ ಯಕೃತ್ತಿನ ರಕ್ತಸ್ರಾವ ನಿಲ್ಲಿಸಲು ಪ್ಯಾಕ್ (ಒತ್ತಿಡುವ ಬಟ್ಟೆ) ತುಂಬಿದಾಗ, ಕರುಳು ಬದುಕುವುದೋ ಇಲ್ಲವೋ ಎಂಬ ಸಂಶಯವಿದ್ದು ಮರುದಿನ ಮತ್ತೆ ನೋಡಬೇಕಾದಾಗ, ಅಥವಾ ಊದಿದ ಕರುಳನ್ನು ಅದುಮಿ ಹೊಲಿದರೆ ಒಳಗಿನ ಒತ್ತಡ ಏರುವುದು ಖಚಿತವಿದ್ದಾಗ ಮಾತ್ರ ಹೊಟ್ಟೆಯನ್ನು ತೆರೆದಿಡಬೇಕು. ಈ ಒತ್ತಡವನ್ನು ಮೂತ್ರದ ಕ್ಯಾತಿಟರ್ ಮೂಲಕ ಅಳೆಯಬಹುದು. ರೋಗಿಯನ್ನು ಅಂಗಾತ ಮಲಗಿಸಿ, 25 ಮಿ.ಲೀ. ಮೀರದಷ್ಟು ಸಲೈನನ್ನು ಮೂತ್ರಕೋಶಕ್ಕೆ ಬಿಟ್ಟು, ಉಸಿರು ಹೊರಬಿಟ್ಟ ಕೊನೆಯ ಕ್ಷಣದ ಅಂಕಿಯನ್ನು ಓದಬೇಕು. ಅದು ಮತ್ತೆ ಮತ್ತೆ 12 ಮಿ.ಮೀ. ಪಾದರಸ ಮುಟ್ಟುತ್ತಿದ್ದರೆ ಎಚ್ಚರ ವಹಿಸಬೇಕು. 20 ದಾಟಿ ನಿಂತು, ಮೂತ್ರಪಿಂಡವೋ ಶ್ವಾಸಕೋಶವೋ ಹೊಸದಾಗಿ ಸೋಲತೊಡಗಿದರೆ ಅದು ಹೊಟ್ಟೆಯೊಳಗಿನ ಒತ್ತಡದಿಂದಲೇ ಅಂಗಗಳು ಕೆಡುವ ಸ್ಥಿತಿ, ಅಂದರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್.

ಚರ್ಮವನ್ನಷ್ಟೇ ಟವೆಲ್ ಕ್ಲಿಪ್‌ಗಳಿಂದ ಸೇರಿಸುವ ವಿಧಾನ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಆದರೆ ಒತ್ತಡ ಮತ್ತೆ ಏರಬಲ್ಲದು, ಚರ್ಮದ ಅಂಚು ಹಾಳಾಗುತ್ತದೆ, ಕ್ಲಿಪ್‌ಗಳು ಎಕ್ಸ್‌ರೇಗೂ ಅಡ್ಡಬರುತ್ತವೆ. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ಕೆಲವು ಗಂಟೆಗಳಿಗಷ್ಟೇ ಇದು ಸಾಕು.

ಸಣ್ಣ ಆಸ್ಪತ್ರೆಗಳಿಗೆ ಹೆಚ್ಚು ಒದಗಿಬಂದಿರುವುದು ಬೊಗೊಟಾ ಬ್ಯಾಗ್. ಕೊಲಂಬಿಯಾದ ಬೊಗೊಟಾ ನಗರದಲ್ಲಿ ಶಸ್ತ್ರಚಿಕಿತ್ಸಕ ಓಸ್ವಾಲ್ಡೊ ಬೊರಾಯೆಸ್ 1984ರಲ್ಲಿ ಇದನ್ನು ಬಳಸಿದರು. 3 ಲೀಟರಿನ ಕ್ರಿಮಿರಹಿತ ಇರಿಗೇಶನ್ (ತೊಳೆಯುವ ದ್ರವದ) ಚೀಲವನ್ನು ಬಿಡಿಸಿ, ಗಾಯದ ಆಕಾರಕ್ಕೆ ಕತ್ತರಿಸಿ, ಅಂಚಿಗೆ ನೈಲಾನ್ ದಾರದಿಂದ ಹೊಲಿಯಬೇಕು. ಹೊಲಿಗೆಯನ್ನು ಚರ್ಮಕ್ಕೇ ಹಾಕಿ, ಫ್ಯಾಶಿಯಾಕ್ಕೆ (ಹೊಟ್ಟೆಯ ಗೋಡೆಯ ಗಟ್ಟಿ ಪದರಕ್ಕೆ) ಬೇಡ; ಪ್ರತಿ ಸಲ ಬಿಚ್ಚಿ ಹೊಲಿದಾಗಲೂ ಹರಿಯುವ ಆ ಅಂಚೇ ಕೊನೆಯ ಮುಚ್ಚುವಿಕೆಗೆ ಬೇಕಾದದ್ದು. ಚೀಲ ಪಾರದರ್ಶಕವಾದ್ದರಿಂದ ಕರುಳು ಕಪ್ಪಾಗತೊಡಗಿದರೆ ಐಸಿಯುವಿನ ನರ್ಸ್‌ಗೂ ಕಾಣುತ್ತದೆ, ಮತ್ತು ಇದರ ಬೆಲೆ ಬಲು ಕಡಿಮೆ. ದ್ರವ ಮಾತ್ರ ಅಂಚಿನಿಂದ ಸೋರಿ ಹಾಸಿಗೆ ತೋಯುತ್ತದೆ. ಫ್ಯಾಶಿಯಾವನ್ನು ಒಳಕ್ಕೆಳೆಯುವ ಬಲವೂ ಇದಕ್ಕಿಲ್ಲವಾದ್ದರಿಂದ, ದಿನ ಕಳೆದಂತೆ ಎರಡೂ ಅಂಚುಗಳು ಪಕ್ಕಕ್ಕೆ ಸರಿಯುತ್ತವೆ.

ಸೋರಿಕೆಯ ತೊಂದರೆಯನ್ನು ನೀಗಿಸುವುದು ಬಾರ್ಕರ್ ವ್ಯಾಕ್ಯೂಮ್ ಪ್ಯಾಕ್. ಸಣ್ಣ ಸಣ್ಣ ತೂತು ಮಾಡಿದ ಪಾಲಿಥೀನ್ ಹಾಳೆಯನ್ನು ಕರುಳಿನ ಮೇಲೆ ಹರಡಿ, ಬೆರಳುಗಳಿಂದ ಅದರ ಅಂಚನ್ನು ಎರಡೂ ಪಕ್ಕೆಗಳತ್ತ ಹೊಟ್ಟೆಯ ಗೋಡೆಯಡಿ ಆಳವಾಗಿ ತಳ್ಳಬೇಕು. ಈ ಒಂದು ಕೆಲಸದಲ್ಲಿ ಅವಸರ ಮಾಡಬಾರದು, ಏಕೆಂದರೆ ಹಾಳೆ ಅಲ್ಲಿಯವರೆಗೆ ತಲುಪದಿದ್ದರೆ ಕರುಳು ಗೋಡೆಗೆ ಅಂಟಿಕೊಳ್ಳುತ್ತದೆ, ಅಂಟಿಕೊಂಡ ಮೇಲೆ ಫ್ಯಾಶಿಯಾ ಮಧ್ಯಕ್ಕೆ ಬರುವುದಿಲ್ಲ. ಮೇಲೆ ಒದ್ದೆ ಮಾಡಿದ ಟವೆಲ್, ಎರಡು ಡ್ರೈನ್ ಕೊಳವೆ, ಎಲ್ಲದರ ಮೇಲೆ ಅಂಟುವ ಡ್ರೇಪ್ ಹಾಕಿ, 100ರಿಂದ 150 ಮಿ.ಮೀ. ಪಾದರಸದಷ್ಟು ಸಕ್ಷನ್ ಕೊಡಬೇಕು. ಕಂಪನಿಗಳ ಸಿದ್ಧ ಫೋಮ್ ಸೆಟ್‌ಗಳದ್ದೂ ಇದೇ ತತ್ತ್ವ. ದ್ರವವನ್ನು ಇನ್ನೂ ಚೆನ್ನಾಗಿ ಹೀರುತ್ತವೆ, ವೆಚ್ಚ ಹೆಚ್ಚು. ಯಾವ ಕಾರಣಕ್ಕೂ ಫೋಮ್ ನೇರವಾಗಿ ಕರುಳನ್ನು ತಾಗಬಾರದು.

ಐದಾರು ದಿನ ಮೀರಿ ಹೊಟ್ಟೆ ತೆರೆದಿರುವ ಲಕ್ಷಣವಿದ್ದರೆ, ನನ್ನ ದೃಷ್ಟಿಯಲ್ಲಿ ವ್ಯಾಕ್ಯೂಮ್ ಜೊತೆಗೆ ಮೆಶ್ (ಬಲೆಯಂಥ ಹಾಳೆ) ಎಳೆತವನ್ನು ಸೇರಿಸುವುದೇ ಸರಿ. ಪಾಲಿಪ್ರೊಪಿಲೀನ್ ಮೆಶ್ಶನ್ನು ಎರಡು ಭಾಗ ಮಾಡಿ, ಒಂದೊಂದನ್ನು ಒಂದೊಂದು ಬದಿಯ ಫ್ಯಾಶಿಯಾಕ್ಕೆ ಹೊಲಿದು, ನಡುವೆ ಕೂಡಿಸಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಇರಲೇಬೇಕು. ಎರಡು ಮೂರು ದಿನಕ್ಕೊಮ್ಮೆ ಒಟಿಗೆ ಕರೆದೊಯ್ದು, ನಡುವಿನ ಹೊಲಿಗೆ ಬಿಚ್ಚಿ, ಹಾಳೆ ಬದಲಿಸಿ, ಮೆಶ್ಶನ್ನು ಇನ್ನಷ್ಟು ಬಿಗಿದು ಹೊಲಿದರೆ ಅಂಚುಗಳು ಹಂತಹಂತವಾಗಿ ಹತ್ತಿರವಾಗುತ್ತವೆ. ಬಿಗಿದ ಮೇಲೆ ಒತ್ತಡವನ್ನು ಅಳೆಯದೆ ರೋಗಿಯನ್ನು ಟೇಬಲ್‌ನಿಂದ ಇಳಿಸಬೇಡಿ. ಅಂಚುಗಳು ಕೂಡಿದ ದಿನ ಮೆಶ್ಶನ್ನು ಪೂರ್ತಿ ತೆಗೆದು, ಫ್ಯಾಶಿಯಾವನ್ನೇ ಹೊಲಿಯಬೇಕು.

ಈ ಅವಧಿಯಲ್ಲಿ ಹೊರಬರುವ ಪ್ರತಿ ಲೀಟರ್ ದ್ರವದೊಂದಿಗೆ ಸುಮಾರು 2 ಗ್ರಾಂ ಸಾರಜನಕ ನಷ್ಟವಾಗುವುದರಿಂದ, ಸಕ್ಷನ್ ಡಬ್ಬಿಯಲ್ಲಿ ಶೇಖರವಾದದ್ದನ್ನು ನಿತ್ಯ ಬರೆದಿಟ್ಟು ಆಹಾರದ ಪ್ರೋಟೀನ್ ಲೆಕ್ಕಕ್ಕೆ ಸೇರಿಸಬೇಕು. ಕರುಳು ಅಖಂಡವಾಗಿದ್ದರೆ ಕೊಳವೆಯ ಆಹಾರವನ್ನು ಬೇಗ ಆರಂಭಿಸಬಹುದು. ಡ್ರೆಸಿಂಗ್‌ನಲ್ಲಿ ಹಸಿರು ಅಥವಾ ಹಳದಿ ದ್ರವ ಕಂಡರೆ ಫಿಸ್ಚುಲಾ (ಕರುಳು ತೂತಾಗಿ ಸೋರುವುದು) ಎಂದೇ ಎಣಿಸಿ ಹಿರಿಯರನ್ನು ಕರೆಯಿರಿ. ಕರುಳುಗಳೆಲ್ಲ ಒಂದೇ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಬಿಡಿಸಲು ಹೋಗದೆ, ಮೇಲ್ಮೈ ಕೆಂಪಾಗಿ ಚಿಗುರಿದ ಮೇಲೆ ಚರ್ಮದ ಕಸಿ ಮಾಡಿ, ಉಳಿಯುವ ಹರ್ನಿಯಾವನ್ನು ಆರರಿಂದ ಹನ್ನೆರಡು ತಿಂಗಳ ನಂತರ, ಕಸಿಯ ಚರ್ಮವನ್ನು ಬೆರಳುಗಳ ನಡುವೆ ಚಿವುಟಿ ಕರುಳಿನಿಂದ ಎತ್ತಲು ಬಂದಾಗ ಸರಿಪಡಿಸಬೇಕು.